ಗುರುತ್ವ ಕೇಂದ್ರಕ್ಕೂ ನಿಯಮ ಪುಸ್ತಕಕ್ಕೂ ಇರುವ ಹಳೇ ಜಟಾಪಟಿ

ಕಾಲು ಅಗಲಿಸಿ ನಿಲ್ಲು, ಮಂಡಿ ಬಗ್ಗಿಸು, ಮೈ ತಗ್ಗಿಸು. ಯಾವ ಆಟ ಕಲಿಯಲು ಹೋದರೂ ಸಾಮಾನ್ಯವಾಗಿ ಮೊದಲು ಸಿಗುವ ಪಾಠ ಇದೇ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ ನಿಜ. ಇಷ್ಟನ್ನೇ ನಂಬಿಕೊಂಡರೆ ಎಷ್ಟೋ ಸಂಗತಿಗಳು ಗೋಜಲಾಗಿಯೇ ಉಳಿಯುತ್ತವೆ. ಓಟಗಾರರು ಇನ್ನೇನು ಮುಗ್ಗರಿಸುವವರಂತೆ ಮುಂದೆ ಬಾಗಿ ಕಾಯುವುದೇಕೆ? ಜಾವೆಲಿನ್‌ನ ತೂಕವನ್ನು 1986ರಲ್ಲಿ ಮುಂದಕ್ಕೆ ಸರಿಸಿದ್ದೇಕೆ? ಜೂಡೋದಲ್ಲಿ ಎದುರಾಳಿಯ ಕಾಲು ಹಿಡಿದರೆ ದಂಡನೆ ಏಕೆ? ಮೂರಕ್ಕೂ ಬೇರು ಒಂದೇ.

ದೇಹದ ತೂಕವೆಲ್ಲ ಒಂದೇ ಬಿಂದುವಿನಲ್ಲಿದೆ ಎಂದು ಲೆಕ್ಕ ಹಾಕಬಹುದಾದ ಜಾಗವೇ ಗುರುತ್ವ ಕೇಂದ್ರ. ನೆಟ್ಟಗೆ ನಿಂತವರಲ್ಲಿ ಅದು ಹೊಕ್ಕುಳಿನ ತುಸು ಕೆಳಗೆ, ಮೈಯ ಒಳಗೆ ಇರುತ್ತದೆ. ನೆಲದಿಂದ ಅಳೆದರೆ ಎತ್ತರದ ಶೇ 55ರಷ್ಟು. ಅಲ್ಲಿಂದ ನೇರ ಕೆಳಕ್ಕೆ ಒಂದು ಗೆರೆ ಎಳೆಯಿರಿ. ಗೆರೆ ಎರಡು ಪಾದಗಳ ನಡುವಿನ ಜಾಗದೊಳಗೆ ಬಿದ್ದರೆ ನಿಂತಿರುತ್ತೀರಿ. ಹೊರಗೆ ಬಿದ್ದರೆ ಹೆಜ್ಜೆ ಇಡಬೇಕು, ಇಲ್ಲವೇ ಬೀಳಬೇಕು. ಪಾದದ ಜಾಗ ಅಗಲವಿದ್ದಷ್ಟೂ, ಬಿಂದು ತಗ್ಗಿನಲ್ಲಿದ್ದಷ್ಟೂ ಬೀಳಿಸುವುದು ಕಷ್ಟ. ಕೋಚ್ ಹೇಳುವುದು ಇಷ್ಟನ್ನೇ.

ಹೇಳದೆ ಬಿಡುವುದು ಇನ್ನೊಂದಿದೆ. ಈ ಬಿಂದು ಒಂದೇ ಕಡೆ ಇರುವುದಿಲ್ಲ. ಕೈ ಎತ್ತಿದರೆ ಅದೂ ಮೇಲಕ್ಕೆ ಹೋಗುತ್ತದೆ. ಮೈಯನ್ನು ಬಿಲ್ಲಿನ ಹಾಗೆ ಬಾಗಿಸಿದರೆ ಉಂಗುರದ ನಡುಬಿಂದುವಿನಂತೆ ದೇಹದ ಹೊರಗೇ ಬಂದುಬಿಡುತ್ತದೆ. 17ನೇ ಶತಮಾನದಲ್ಲಿ ಇಟಲಿಯ ಬೊರೆಲ್ಲಿ ಮನುಷ್ಯನನ್ನು ಹಲಗೆಯ ಮೇಲೆ ಮಲಗಿಸಿ, ಹಲಗೆ ಸಮತೂಕವಾಗಿ ನಿಲ್ಲುವ ಜಾಗ ನೋಡಿ ಇದನ್ನು ಪತ್ತೆಹಚ್ಚಿದ್ದ. 1889ರ ಹೊತ್ತಿಗೆ ಜರ್ಮನಿಯ ಬ್ರೌನೆ ಮತ್ತು ಫಿಷರ್ ಹೆಪ್ಪುಗಟ್ಟಿಸಿದ ಶವಗಳ ಮೇಲೆ ಪ್ರಯೋಗ ಮಾಡಿ, ಕೈಕಾಲುಗಳ ಒಂದೊಂದು ಭಾಗದ ಕೇಂದ್ರವನ್ನೂ ಅಳೆದಿದ್ದರು. ಆಟಗಾರರಿಗೆ ಇದೆಲ್ಲ ಗೊತ್ತಿರಲಿಲ್ಲ. ಬಿಂದುವನ್ನು ಸರಿಸುವುದನ್ನು ಅವರು ತಾವಾಗಿಯೇ ಕಂಡುಕೊಂಡರು. ಪ್ರತಿ ಸಲ ಎಲ್ಲಾದರೂ ಸರಿಸಿದಾಗ, ಹಿಂದೆಯೇ ನಿಯಮ ಪುಸ್ತಕ ಬಂದಿದೆ.

ಯಾವಾಗಲೂ ತಡೆಯಲು ಅಂತಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಥಾಮಸ್ ಬರ್ಕ್ ನೆಲಕ್ಕೆ ಕೈ ಊರಿ ಓಟ ಶುರು ಮಾಡಿ 100 ಮೀಟರ್ ಗೆದ್ದಾಗ ಯಾರೂ ಅಡ್ಡಿ ಮಾಡಲಿಲ್ಲ. ಆ ಭಂಗಿಯಲ್ಲಿ ಸೊಂಟ ಮೇಲಿರುತ್ತದೆ, ತೂಕ ಬೆರಳುಗಳ ಕಡೆ ವಾಲಿರುತ್ತದೆ. ಕೈ ಎತ್ತಿದ ಕ್ಷಣ ದೇಹ ಮುಂದಕ್ಕೆ ಬೀಳತೊಡಗುತ್ತದೆ, ಕಾಲು ಅದನ್ನೇ ಓಟವಾಗಿ ಬದಲಿಸುತ್ತದೆ. ಓಟಗಾರನಿಗೆ ಗಟ್ಟಿಯಾಗಿ ನಿಲ್ಲಬೇಕಾದ್ದು ಪಿಸ್ತೂಲಿನ ಸದ್ದಿನವರೆಗೆ ಮಾತ್ರ, ಅಲ್ವಾ?

ಹೈಜಂಪ್ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳಿ ಮುಗಿಸುತ್ತೇನೆ. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬೇಬ್ ಡಿಡ್ರಿಕ್ಸನ್ ಮತ್ತು ಜೀನ್ ಶೈಲಿ ಇಬ್ಬರೂ 1.65 ಮೀಟರ್ ದಾಟಿದರು. ಡಿಡ್ರಿಕ್ಸನ್ ಬಾರ್ ಮೇಲೆ ತಲೆ ಮೊದಲು ಹಾಕಿದರು ಎಂಬ ಕಾರಣಕ್ಕೆ ಬೆಳ್ಳಿ ಕೊಟ್ಟರು. ಆಮೇಲೆ ಆ ನಿಯಮವನ್ನೇ ತೆಗೆದರು. 1968ರಲ್ಲಿ ಡಿಕ್ ಫಾಸ್ಬರಿ ಬೆನ್ನು ಕೆಳಗೆ ಮಾಡಿ, ತಲೆ ಮುಂದಿಟ್ಟು 2.24 ಮೀಟರ್ ಹಾರಿ ಚಿನ್ನ ಗೆದ್ದರು. ಬೆನ್ನು ಬಾಗಿದಾಗ ದೇಹ ಬಾರ್‌ನ ಮೇಲಿದ್ದರೂ ಗುರುತ್ವ ಕೇಂದ್ರ ಅದರ ಮಟ್ಟಕ್ಕಿಂತ ಕೆಳಗೇ ಸಾಗಿಹೋಗಬಹುದು. ಅದಕ್ಕೆ ಒಪ್ಪಿಗೆ ಸಿಕ್ಕಿತು. ಲಾಂಗ್‌ಜಂಪ್‌ನಲ್ಲಿ ಗಾಳಿಯಲ್ಲಿ ಪಲ್ಟಿ ಹೊಡೆಯುವ ವಿಧಾನ ಬಂದಾಗ ಮಾತ್ರ 1970ರ ದಶಕದಲ್ಲಿ ಅಪಾಯ ಎಂದು ನಿಷೇಧಿಸಿದರು. ಕುತ್ತಿಗೆಯ ಮೇಲೆ ಬೀಳುವ ಹೈಜಂಪ್‌ಗಿಂತ ಅದು ಎಷ್ಟು ಜಾಸ್ತಿ ಅಪಾಯ ಎನ್ನುವ ಪ್ರಶ್ನೆ ಹಾಗೇ ಉಳಿದಿದೆ.

ವೇಟ್‌ಲಿಫ್ಟಿಂಗ್‌ನಲ್ಲಿ ಪ್ರೆಸ್ ಎಂಬ ಸ್ಪರ್ಧೆ ಇತ್ತು. ಭುಜದ ಮೇಲಿನ ಬಾರ್ಬೆಲ್ಲನ್ನು ನೇರ ನಿಂತು ಕೈಬಲದಿಂದ ಎತ್ತಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಮನುಷ್ಯ ಮತ್ತು ಬಾರ್ಬೆಲ್ ಸೇರಿದ ಕೇಂದ್ರ. ಅದು ಪಾದದ ಮೇಲೇ ಇದ್ದರೆ ಆಯಿತು. ಹಾಗಾಗಿ ಸೊಂಟ ಮುಂದೆ ತಳ್ಳಿ, ಬೆನ್ನು ಹಿಂದಕ್ಕೆ ವಾಲಿಸಿದರೂ ಆಯ ತಪ್ಪುವುದಿಲ್ಲ, ಎದೆಯ ಬಲವೂ ಸಿಗುತ್ತದೆ. ವಾಲುವುದು ವರ್ಷದಿಂದ ವರ್ಷಕ್ಕೆ ಜಾಸ್ತಿಯಾಯಿತು. ಎಷ್ಟು ವಾಲಿದರೆ ತಪ್ಪು ಎಂಬುದರಲ್ಲಿ ತೀರ್ಪುಗಾರರಿಗೇ ಒಮ್ಮತ ಇರಲಿಲ್ಲ. 1972ರ ಮ್ಯೂನಿಕ್ ಒಲಿಂಪಿಕ್ಸ್ ನಂತರ ಸ್ಪರ್ಧೆಯನ್ನೇ ಕೈಬಿಟ್ಟರು.

ನಿಜವಾದ ಗೋಜಲು ಜಾವೆಲಿನ್‌ನದು. ಇಲ್ಲಿ ಕೇಂದ್ರ ಸರಿದದ್ದು ಮೈಯಲ್ಲಲ್ಲ, ಕೈಯಲ್ಲಿದ್ದ ಈಟಿಯಲ್ಲಿ. ಹಾರುವ ಈಟಿಗೆ ಎರಡು ಬಿಂದುಗಳು ಮುಖ್ಯ. ಒಂದು ಗುರುತ್ವ ಕೇಂದ್ರ. ಇನ್ನೊಂದು, ಗಾಳಿಯ ಒತ್ತಡವೆಲ್ಲ ಸೇರಿ ತಳ್ಳುವ ಬಿಂದು. ಗಾಳಿಯ ಬಿಂದು ಹಿಂದಿದ್ದರೆ ಬಾಲ ಮೇಲೇಳುತ್ತದೆ, ಮೂತಿ ಕೆಳಗೆ ತಿರುಗುತ್ತದೆ. ಎರಡೂ ಹತ್ತಿರ ಹತ್ತಿರ ಇದ್ದರೆ ಮೂತಿ ಬಾಗದೆ ಈಟಿ ತೇಲುತ್ತಾ ದೂರ ಹೋಗುತ್ತದೆ. ಹಳೆಯ ಈಟಿಗಳು ಈ ಎರಡನೇ ಜಾತಿ. ಅವು ಅಡ್ಡಡ್ಡ ಬೀಳುತ್ತಿದ್ದವು. ಮೂತಿಯೇ ಮೊದಲು ನೆಲ ಮುಟ್ಟಬೇಕೆಂಬ ನಿಯಮ ಇದ್ದುದರಿಂದ, ಮುಟ್ಟಿತೋ ಇಲ್ಲವೋ ಎಂಬ ವಾದ ತಪ್ಪುತ್ತಿರಲಿಲ್ಲ.

1984ರ ಜುಲೈ 20ರಂದು ಪೂರ್ವ ಬರ್ಲಿನ್‌ನಲ್ಲಿ ಉವೆ ಹೋನ್ 104.80 ಮೀಟರ್ ಎಸೆದರು. ಇದೇ ರೀತಿ ಮುಂದುವರಿದರೆ ಈಟಿ ಎಸೆಯಲು ಮೈದಾನ ಸಾಲದು ಎನ್ನುವ ಹೆದರಿಕೆ ಹುಟ್ಟಿತು. 1986ರ ಏಪ್ರಿಲ್ 1ರಿಂದ ಪುರುಷರ ಈಟಿಯ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ಸರಿಸಿದರು. ಮೂತಿ ಬೇಗ ಬಾಗತೊಡಗಿತು. ಹೊಸ ಈಟಿಯ ಮೊದಲ ವಿಶ್ವದಾಖಲೆ ಕ್ಲಾಸ್ ಟಾಫೆಲ್‌ಮೈಯರ್ ಅವರ 85.74 ಮೀಟರ್. ತೂಕ ಅದೇ 800 ಗ್ರಾಂ, ತೋಳೂ ಅಂಥದ್ದೇ. ಬದಲಾದದ್ದು ಆ 4 ಸೆಂಟಿಮೀಟರ್.

ಹೋನ್ ಒಂದು ಎಸೆತದಿಂದ ಎಲ್ಲ ಬದಲಾಯಿತು ಎಂದು ಹೇಳುವವರು ಬಹಳ. ಅಡ್ಡ ಬೀಳುವ ಈಟಿಯ ಜಗಳವೂ ಕಾರಣ ಎನ್ನುವವರೂ ಇದ್ದಾರೆ. ಎರಡೂ ಸರಿ ಇರಬಹುದು. ಆದರೆ ಮಹಿಳೆಯರ ಈಟಿಯನ್ನು ಬದಲಿಸಿದ್ದು 1999ರಲ್ಲಿ. ಅಲ್ಲಿಯವರೆಗೆ ಅದೂ ಅಡ್ಡವೇ ಬೀಳುತ್ತಿತ್ತು. ತೀರ್ಪಿನ ತೊಂದರೆಯೇ ದೊಡ್ಡದಾಗಿದ್ದರೆ 13 ವರ್ಷ ಕಾಯುವ ಅಗತ್ಯವಿರಲಿಲ್ಲ.

ತಯಾರಕರೂ ಸುಮ್ನೆ ಕೂರಲಿಲ್ಲ. ಗುರುತ್ವ ಕೇಂದ್ರವನ್ನು ಮುಟ್ಟುವ ಹಾಗಿರಲಿಲ್ಲ, ಸರಿ. ಗಾಳಿಯ ಬಿಂದುವನ್ನು ಸರಿಸಬಹುದಲ್ಲ! ಬಾಲದ ಮೇಲ್ಮೈಯನ್ನು ಒರಟು ಮಾಡಿದರು. ಈಟಿ ಮತ್ತೆ ತೇಲತೊಡಗಿತು. ಫಿನ್ಲೆಂಡ್‌ನ ಸೆಪ್ಪೊ ರಾಟಿ 1991ರಲ್ಲಿ 96.96 ಮೀಟರ್ ಎಸೆದರು. ಅದೇ ವರ್ಷ ಒರಟು ಬಾಲವನ್ನು ನಿಷೇಧಿಸಿ, ಅದರಿಂದ ಬಂದ ದಾಖಲೆಗಳನ್ನೂ ಅಳಿಸಿದರು. ವಿಶ್ವದಾಖಲೆ ಸ್ಟೀವ್ ಬ್ಯಾಕ್ಲಿ ಅವರ 1990ರ 89.58ಕ್ಕೆ ಹಿಂದೆ ಹೋಯಿತು. ಎಸೆದ ದಿನ ನಿಯಮದ ಪ್ರಕಾರವೇ ಇದ್ದ ಈಟಿಗೆ, ಎಸೆದ ಮೇಲೆ ನಿಯಮ ಬಂತು. ಈಗ ಪುರುಷರ ಈಟಿಯಲ್ಲಿ ಮೂತಿಯಿಂದ ಗುರುತ್ವ ಕೇಂದ್ರಕ್ಕೆ 90ರಿಂದ 106 ಸೆಂಟಿಮೀಟರ್ ಇರಬೇಕು. ಆ ಮಿತಿಯೊಳಗೇ ಯಾನ್ ಜೆಲೆಜ್ನಿ 1996ರಲ್ಲಿ 98.48 ಮೀಟರ್ ಎಸೆದರು.

ಜೂಡೋದ ಜಗಳ ಇನ್ನೂ ತಣ್ಣಗಾಗಿಲ್ಲ. ಎದುರಾಳಿಯನ್ನು ಎಸೆಯುವ ಮೊದಲು ಆಯ ತಪ್ಪಿಸಬೇಕು ಎಂಬುದು ಜಿಗೊರೊ ಕಾನೊ 1882ರಲ್ಲಿ ಈ ಕಲೆ ಶುರು ಮಾಡಿದಾಗಿನಿಂದ ಬಂದ ಪಾಠ. ಅದಕ್ಕೆ ಎರಡು ದಾರಿ. ಕೇಂದ್ರವನ್ನು ಪಾದದಾಚೆಗೆ ಎಳೆಯಬೇಕು, ಇಲ್ಲವೇ ಪಾದವನ್ನೇ ತೆಗೆಯಬೇಕು. ಕೈಯಿಂದ ಕಾಲು ಹಿಡಿದೆಳೆಯುವುದು ಎರಡನೆಯದು. ಅದಕ್ಕೆ ಹೆದರಿ ಎಲ್ಲರೂ ಕುಸ್ತಿಯವರ ಹಾಗೆ ಬಗ್ಗಿ ನಿಲ್ಲತೊಡಗಿದರು, ಪಂದ್ಯಗಳು ನೋಡಲು ಬೇಸರ ಎಂಬ ದೂರು ಬಂತು. 2010ರಲ್ಲಿ ನೇರವಾಗಿ ಕಾಲಿಗೆ ಕೈ ಹಾಕುವುದನ್ನು ನಿಲ್ಲಿಸಿದರು, 2013ರಲ್ಲಿ ನಿಷೇಧವನ್ನು ಬಿಗಿ ಮಾಡಿದರು. ಆಟಗಾರರು ನೆಟ್ಟಗಾದರು, ಎಸೆತಗಳು ಚೆಂದ ಕಾಣತೊಡಗಿದವು. ಜೊತೆಗೆ, ತಗ್ಗಿ ನಿಲ್ಲುವವರನ್ನು ಬೀಳಿಸುವ ಹಳೆಯ ಪಟ್ಟುಗಳು ಪಂದ್ಯದಿಂದ ಹೊರಗಾದವು. ಪಾದದಿಂದ ಪಾದ ಗುಡಿಸುವುದಕ್ಕೆ ಇವತ್ತಿಗೂ ಅಡ್ಡಿಯಿಲ್ಲ. ಒಲಿಂಪಿಕ್ಸ್ ಮುಗಿದು ನಿಯಮ ಪರಿಷ್ಕರಣೆ ಶುರುವಾದಾಗಲೆಲ್ಲ, ಕೈಯಿಂದ ಕಾಲು ಹಿಡಿಯುವುದನ್ನೂ ವಾಪಸ್ ತನ್ನಿ ಎಂಬ ಬೇಡಿಕೆ ಏಳುತ್ತದೆ.