ಮಾತು ಅವರದು, ಪ್ರಶ್ನೆ ಯಾರದು?

ಹೆಸರು ಮಾಡಿದವರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳುವುದು, ಅವರ ಉತ್ತರವನ್ನು ಇದ್ದ ಹಾಗೇ ಜನರ ಮುಂದಿಡುವುದು ಈಗ ತೀರಾ ಮಾಮೂಲಿ. ಆದರೆ ಈ ಪದ್ಧತಿಗೆ ಇನ್ನೂರು ವರ್ಷವೂ ತುಂಬಿಲ್ಲ. ಅದಕ್ಕೂ ಮೊದಲು ಇದ್ದದ್ದು ಭಾಷಣ. ಮೇಲೆ ನಿಂತವರು ಮಾತಾಡಬೇಕು, ಕೆಳಗೆ ಕೂತವರು ಕೇಳಬೇಕು, ಅಷ್ಟೇ.

ಆ ಭಾಷಣಗಳೂ ಸಣ್ಣ ವ್ಯವಹಾರವಾಗಿರಲಿಲ್ಲ. ಜೋಸಯ್ಯ ಹಾಲ್‌ಬ್ರೂಕ್ ಅನ್ನುವವರು 1826ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಲೈಸಿಯಂ ಹೆಸರಿನ ಸಂಘ ಶುರುಮಾಡಿದರು. ಆಮೇಲೆ ಅಂಥ ಉಪನ್ಯಾಸ ಸಂಘಗಳು ಊರೂರಿಗೂ ಹಬ್ಬಿದವು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ವಿಜ್ಞಾನಿ ಮೈಕೆಲ್ ಫ್ಯಾರಡೆ ಶುಕ್ರವಾರ ಸಂಜೆಯ ಉಪನ್ಯಾಸಗಳಿಗೆ ಚಾಲನೆ ಕೊಟ್ಟರು. 1858ರಿಂದ ಚಾರ್ಲ್ಸ್ ಡಿಕನ್ಸ್ ಟಿಕೆಟ್ ಇಟ್ಟು ತಮ್ಮದೇ ಕಥೆಗಳನ್ನು ಓದಿ ಹೇಳಲು ಹೊರಟರು. ಜನ ಮುಗಿಬಿದ್ದು ಬಂದರು. ಆದರೆ ಏನು ಹೇಳಬೇಕು, ಏನು ಬಿಡಬೇಕು ಅನ್ನುವುದು ಪೂರ್ತಿ ಮಾತಾಡುವವರ ಕೈಯಲ್ಲೇ ಇತ್ತು.

ಆ ಹಿಡಿತ ಸಡಿಲವಾದದ್ದು ಪತ್ರಿಕೆಗಳಿಂದ. 1859ರ ಜುಲೈನಲ್ಲಿ ನ್ಯೂಯಾರ್ಕ್ ಟ್ರಿಬ್ಯೂನ್ ಸಂಪಾದಕ ಹೊರೇಸ್ ಗ್ರೀಲಿ ಸಾಲ್ಟ್ ಲೇಕ್ ಸಿಟಿಗೆ ಹೋಗಿ ಆಗ ಬಹುಪತ್ನಿತ್ವವನ್ನು ಒಪ್ಪಿದ್ದ ಮಾರ್ಮನ್ ಎಂಬ ಕ್ರೈಸ್ತ ಪಂಥದ ಮುಖ್ಯಸ್ಥ ಬ್ರಿಗಮ್ ಯಂಗ್ ಜೊತೆ ಸುಮಾರು ಎರಡು ಗಂಟೆ ಕೂತರು. ನಿಮ್ಮದು ಹೊಸ ಧರ್ಮವೋ, ಕ್ರೈಸ್ತ ಧರ್ಮದ್ದೇ ಮುಂದುವರಿಕೆಯೋ ಎಂದು ಮೊದಲಿಗೆ ಕೇಳಿದರು. ಗುಲಾಮಗಿರಿ ಬಗ್ಗೆ ಏನಂತೀರಿ ಎಂದರು. ಕೊನೆಗೆ ನೇರವಾಗಿ ವಿಷಯಕ್ಕೆ ಬಂದರು. ನಿಮ್ಮಲ್ಲಿ ಒಬ್ಬನಿಗೆ ಹೆಚ್ಚೆಂದರೆ ಎಷ್ಟು ಜನ ಹೆಂಡತಿಯರು? ಯಂಗ್ ಮುಚ್ಚುಮರೆ ಮಾಡಲಿಲ್ಲ. ನನಗೆ 15 ಜನ, ನನಗಿಂತ ಜಾಸ್ತಿ ಇರುವವರು ಯಾರೂ ಗೊತ್ತಿಲ್ಲ, ಅವರಲ್ಲಿ ಕೆಲವರು ವಯಸ್ಸಾದವರು, ತಾಯಿಯ ಹಾಗೆ ನೋಡಿಕೊಳ್ಳುತ್ತೇನೆ ಅಂದರು. ಗ್ರೀಲಿ ಇದನ್ನೆಲ್ಲ ಪ್ರಶ್ನೆ, ಉತ್ತರ, ಮತ್ತೆ ಪ್ರಶ್ನೆ ಎನ್ನುವ ರೂಪದಲ್ಲೇ ಅಚ್ಚು ಹಾಕಿದರು. ಪತ್ರಿಕಾ ಸಂದರ್ಶನದ ಮೊದಲ ಮಾದರಿಗಳಲ್ಲಿ ಒಂದು ಅಂತ ಇದನ್ನು ಲೆಕ್ಕಹಾಕುತ್ತಾರೆ. ರೆಕಾರ್ಡರ್ ಇಲ್ಲದ ಕಾಲ. ನೆನಪಿದ್ದಷ್ಟನ್ನು ಬರೆದಿದ್ದೇನೆ ಎಂದು ಗ್ರೀಲಿಯೇ ಹೇಳಿಕೊಂಡಿದ್ದರು.

ಈ ಹೊಸ ಚಾಳಿ ಎಲ್ಲರಿಗೂ ಹಿಡಿಸಲಿಲ್ಲ. ಇಂಗ್ಲಿಷ್ ಲೇಖಕ ರಡ್ಯರ್ಡ್ ಕಿಪ್ಲಿಂಗ್ ಯುವಕನಾಗಿದ್ದಾಗ ಅಮೆರಿಕದ ಲೇಖಕ ಮಾರ್ಕ್ ಟ್ವೈನ್ ಮನೆ ಹುಡುಕಿಕೊಂಡು ಹೋಗಿ ಸಂದರ್ಶಿಸಿದವರು. ತಾವೇ ಹೆಸರುವಾಸಿಯಾದ ಮೇಲೆ ಸಂದರ್ಶನ ಅನ್ನುವುದೇ ಅನೀತಿ, ಅಪರಾಧ ಎಂದು ರೇಗಿದರು. ಬಾಣಲೆಗೆ ಬಿದ್ದ ಮೇಲಲ್ವಾ ಬಿಸಿ ಗೊತ್ತಾಗುವುದು! ಅವರ ಸಿಟ್ಟಿಗೆ ಕಾರಣವಿರಲಿಲ್ಲ ಅನ್ನಲಾಗದು. ಸಂದರ್ಶನ ಬರೀ ಸುದ್ದಿಯಾಗಿ ಉಳಿಯುವುದಿಲ್ಲ ಎಂಬುದು ಅಷ್ಟರಲ್ಲಾಗಲೇ ಗೊತ್ತಾಗಿತ್ತು. 1884ರ ಜನವರಿಯಲ್ಲಿ ಲಂಡನ್ನಿನ ಪಾಲ್ ಮಾಲ್ ಗೆಜೆಟ್ ಪತ್ರಿಕೆಯ ಡಬ್ಲ್ಯೂ.ಟಿ. ಸ್ಟೆಡ್ ಬ್ರಿಟಿಷ್ ಸೇನಾಧಿಕಾರಿ ಜನರಲ್ ಗಾರ್ಡನ್‌ರನ್ನು ಸಂದರ್ಶಿಸಿ, ದಂಗೆ ಎದ್ದಿದ್ದ ಸೂಡಾನ್‌ಗೆ ಇವರನ್ನೇ ಕಳಿಸಿ ಎಂದು ಬರೆದರು. ಜನ ಒತ್ತಾಯಿಸಿದರು, ಸರ್ಕಾರ ಕಳಿಸಿತು. ಮುಂದಿನ ವರ್ಷದ ಜನವರಿಯಲ್ಲಿ ಸೂಡಾನಿನ ರಾಜಧಾನಿ ಖಾರ್ಟೂಮ್ ದಂಗೆಕೋರರ ಕೈಗೆ ಬಿತ್ತು, ಗಾರ್ಡನ್ ಕೊಲೆಯಾದರು.

ರೇಡಿಯೊ, ಟಿವಿ ಬಂದ ಹೊಸದರಲ್ಲಿ ಮಾತ್ರ ವಿನಯ ಮತ್ತೆ ತಲೆ ಎತ್ತಿತು. 1951ರ ಚುನಾವಣೆ ಹೊತ್ತಿನಲ್ಲಿ ಬ್ರಿಟನ್ ಪ್ರಧಾನಿ ಕ್ಲೆಮೆಂಟ್ ಆಟ್ಲಿಯನ್ನು ಕ್ಯಾಮೆರಾ ಮುಂದೆ ಕೇಳಿದ್ದು ಹೀಗೆ. ಚುನಾವಣೆ ಬಗ್ಗೆ ಇನ್ನೇನಾದರೂ ಹೇಳಲು ಇಷ್ಟಪಡುತ್ತೀರಾ? ಆಟ್ಲಿ ಇಲ್ಲ ಅಂದರು. ಅಲ್ಲಿಗೆ ಮುಗಿಯಿತು! ಸಂಸತ್ತಿನಲ್ಲಿ 14 ದಿನಗಳೊಳಗೆ ಚರ್ಚೆಗೆ ಬರುವ ವಿಷಯವನ್ನು ಬಿಬಿಸಿ ಮುಟ್ಟಲೇಬಾರದು ಎಂಬ ಕಟ್ಟಳೆ ಬೇರೆ ಇತ್ತು. 1956ರಲ್ಲಿ ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ಎದ್ದ ಬಿಕ್ಕಟ್ಟಿನ ಗಲಾಟೆಯಲ್ಲಿ ಅದು ಹೋಯಿತು. ಆ ಹೊತ್ತಿಗೆ ಬಿಬಿಸಿಗೆ ಐಟಿಎನ್ ಎನ್ನುವ ಖಾಸಗಿ ಟಿವಿ ಸುದ್ದಿಸಂಸ್ಥೆಯ ಪೈಪೋಟಿಯೂ ಬಂದಿತ್ತು. ಅದರ ರಾಬಿನ್ ಡೇ 1957ರಲ್ಲಿ ಕೈರೊಗೆ ಹೋಗಿ ಈಜಿಪ್ಟ್ ಅಧ್ಯಕ್ಷ ನಾಸೆರ್‌ರನ್ನು, 1958ರಲ್ಲಿ ಪ್ರಧಾನಿ ಮ್ಯಾಕ್‌ಮಿಲನ್‌ರನ್ನು ಪ್ರಶ್ನಿಸಿದರು. ವಿನಯಕ್ಕೆ ಕಡಿವಾಣ ಬಿತ್ತು.

ಬಿಬಿಸಿಯಲ್ಲಿ 1959ರಲ್ಲಿ ಜಾನ್ ಫ್ರೀಮನ್ ಹಿಡಿದದ್ದು ಬೇರೆಯೇ ದಾರಿ. ಅವರ ಮುಖ ಪರದೆಯಲ್ಲಿ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಬೆನ್ನಷ್ಟೇ. ಕ್ಯಾಮೆರಾ ಪೂರ್ತಿ ಅತಿಥಿಯ ಮುಖದ ಮೇಲೆ. ದೇವರನ್ನು ನಂಬುತ್ತೀರಾ ಎಂದು ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗ್‌ರನ್ನು ಕೇಳಿದಾಗ ಅವರು ತುಸು ತಡವರಿಸಿ, ನಂಬಬೇಕಾಗಿಲ್ಲ, ನನಗೆ ಗೊತ್ತು ಅನ್ನುತ್ತಾರೆ. ಉತ್ತರಕ್ಕಿಂತ ಆ ತಡವರಿಕೆಯೇ ಜಾಸ್ತಿ ಹೇಳುತ್ತದೆ ಅಂತ ನನ್ನ ಅನಿಸಿಕೆ. ಅಚ್ಚಿನಲ್ಲಿ ಅದು ಸಿಗುತ್ತಿರಲಿಲ್ಲ. ಇದೇ ಫ್ರೀಮನ್ ಮುಂದೆ ಭಾರತದಲ್ಲಿ ಬ್ರಿಟನ್ನಿನ ಹೈಕಮಿಷನರ್ ಆಗಿದ್ದರು.

ಪ್ರಶ್ನೆಯನ್ನೇ ಆಯುಧ ಮಾಡಿಕೊಂಡವರು ಇಟಲಿಯ ಪತ್ರಕರ್ತೆ ಒರಿಯಾನಾ ಫಲ್ಲಾಚಿ. 1972ರಲ್ಲಿ ಅಮೆರಿಕ ಅಧ್ಯಕ್ಷರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್, ಫಲ್ಲಾಚಿ ಮುಂದೆ ಮಾತಾಡುತ್ತಾ ತಮ್ಮನ್ನು ಕುದುರೆ ಏರಿ ಒಬ್ಬನೇ ಹೋಗುವ ಕೌಬಾಯ್‌ಗೆ ಹೋಲಿಸಿಕೊಂಡರು. ಅಮೆರಿಕವೇ ನಕ್ಕಿತು. ಪತ್ರಕರ್ತರ ಜೊತೆ ತಾವು ಆಡಿದ ಮಾತುಗಳಲ್ಲೇ ತೀರಾ ಕೆಟ್ಟದ್ದು ಅದು ಎಂದು ಕಿಸಿಂಜರ್ ಆಮೇಲೆ ಕೈ ಹಿಸುಕಿಕೊಂಡರು. 1979ರಲ್ಲಿ ಇರಾನಿನ ಕೋಮ್‌ನಲ್ಲಿ ಫಲ್ಲಾಚಿ ಮೈಮುಚ್ಚುವ ಚಾದರ್ ಹೊದ್ದು ಅಲ್ಲಿನ ಕ್ರಾಂತಿಯ ನಾಯಕ ಖೊಮೇನಿ ಎದುರು ಕೂತಿದ್ದರು. ಹೆಂಗಸರಿಗೆ ಇದೇಕೆ ಎಂದು ಚಾದರ್ ಬಗ್ಗೆಯೇ ಕೆಣಕಿದರು. ಇಷ್ಟವಿಲ್ಲದಿದ್ದರೆ ಹಾಕಬೇಡಿ, ಅದು ಮರ್ಯಾದಸ್ಥ ಯುವತಿಯರಿಗೆ ಅಂತ ಖೊಮೇನಿ ಚುಚ್ಚಿದರು. ಫಲ್ಲಾಚಿ ಅಲ್ಲೇ ಅದನ್ನು ಕಿತ್ತು ಬಿಸಾಕಿದರು. ಖೊಮೇನಿ ಎದ್ದು ಹೋದರು. ಫಲ್ಲಾಚಿ ಜಗ್ಗಲಿಲ್ಲ. ಕೊನೆಗೆ ಸಂದರ್ಶನ ಮುಂದುವರಿಯಿತು.

ಇನ್ನು ದುಡ್ಡಿನ ಮಾತು. 1977ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ಜೊತೆ ಮಾತಾಡಲು ಬ್ರಿಟನ್ನಿನ ಟಿವಿ ನಿರೂಪಕ ಡೇವಿಡ್ ಫ್ರಾಸ್ಟ್ ಕೊಟ್ಟದ್ದು 6 ಲಕ್ಷ ಡಾಲರ್, ಜೊತೆಗೆ ಲಾಭದಲ್ಲಿ ಪಾಲು. ದುಡ್ಡು ಕೊಟ್ಟು ಕೇಳುವುದೇ ಎಂದು ಆಗ ದೊಡ್ಡ ತಕರಾರು ಎದ್ದಿತ್ತು. ಅಧ್ಯಕ್ಷ ಮಾಡಿದರೆ ಅದು ಕಾನೂನುಬಾಹಿರ ಅಲ್ಲ ಎಂದು ನಿಕ್ಸನ್ ಬಾಯಿಬಿಟ್ಟದ್ದು ಅಲ್ಲೇ. ಇಪ್ಪತ್ತು ವರ್ಷ ಕಳೆದ ಮೇಲೆ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಬ್ರಿಟನ್ನಿನ ಮಾಜಿ ಸಚಿವ ಮೈಕೆಲ್ ಹೊವಾರ್ಡ್‌ಗೆ ಒಂದೇ ಪ್ರಶ್ನೆಯನ್ನು ಹತ್ತಕ್ಕೂ ಹೆಚ್ಚು ಸಲ ಕೇಳಿ ಹೆಸರಾದರು. ಮುಂದಿನ ವರದಿ ಇನ್ನೂ ಸಿದ್ಧವಾಗಿರಲಿಲ್ಲ, ಹೊತ್ತು ಕಳೆಯಬೇಕಿತ್ತು ಅಂತ ಆಮೇಲೆ ಅವರೇ ಹೇಳಿದರು!

ಇಂಥ ಪೆಟ್ಟು ತಿಂದವರು ಸುಮ್ನೆ ಕೂರಲಿಲ್ಲ. ಮಾಧ್ಯಮ ತರಬೇತಿ ಪಡೆದರು. ಕೇಳಿದ್ದನ್ನು ಬಿಟ್ಟು ಹೇಳಬೇಕಾದ್ದನ್ನು ಹೇಳುವುದು ಕಲಿತರು. ಪ್ರಶ್ನೆಗಳನ್ನು ಮೊದಲೇ ಕಳಿಸಿ, ಇದನ್ನು ಕೇಳಬೇಡಿ ಅನ್ನುವ ಷರತ್ತುಗಳು ಬಂದವು. ಈಗ ನಾಯಕರಿಗೂ ನಟರಿಗೂ ತಮ್ಮದೇ ಚಾನೆಲ್ ಇದೆ, ಬೇಕಾದ ಪಾಡ್‌ಕಾಸ್ಟ್ ಆರಿಸಿಕೊಳ್ಳಬಹುದು. ಸಾಹಿತ್ಯ ಉತ್ಸವಗಳ ವೇದಿಕೆ ಸಂವಾದದಲ್ಲಿ ಕೇಳುವವರು ಎಷ್ಟೋ ಸಲ ಅತಿಥಿಯ ಗೆಳೆಯರೇ. ಸಭಿಕರಿಗೆ ಮೈಕು ಸಿಗುವುದು ಕೊನೆಯ ಹತ್ತು ನಿಮಿಷ. ಅದರಲ್ಲೂ ಅರ್ಧವನ್ನು, ಪ್ರಶ್ನೆ ಅಲ್ಲ, ಒಂದು ಅನಿಸಿಕೆ ಅಂತ ಎದ್ದು ನಿಲ್ಲುವ ಮಹಾಶಯರು ನುಂಗುತ್ತಾರೆ.

ಹಾಗಂತ ಲೆಕ್ಕ ಯಾವಾಗಲೂ ಅವರಂದುಕೊಂಡ ಹಾಗೇ ಆಗುವುದಿಲ್ಲ. 2019ರ ನವೆಂಬರ್‌ನಲ್ಲಿ ಬ್ರಿಟನ್ ರಾಜಕುಮಾರ ಆಂಡ್ರ್ಯೂ ಬಿಬಿಸಿಯ ಎಮಿಲಿ ಮೇಟ್ಲಿಸ್‌ರನ್ನು ಬಕಿಂಗ್‌ಹ್ಯಾಮ್ ಅರಮನೆಗೇ ಬರಮಾಡಿಕೊಂಡು, ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್ ಜೊತೆಗಿನ ತಮ್ಮ ಸ್ನೇಹದ ಬಗ್ಗೆ ಮಾತಾಡಿದರು. ಜಾಗ ಅವರದ್ದು, ಆದರೆ ಪ್ರಶ್ನೆಗಳನ್ನು ಮೊದಲೇ ತೋರಿಸಿರಲಿಲ್ಲ. ಪ್ರಸಾರವಾದದ್ದು 16ರಂದು. 20ರಂದು ಅವರು ಸಾರ್ವಜನಿಕ ಕೆಲಸಗಳಿಂದ ಹಿಂದೆ ಸರಿದರು.