ಸೋಲಾರ್ ಪಾರ್ಕ್‌ಗೆ ಜಮೀನು ಕೊಟ್ಟರೆ ನೆಲ ಕೆಡುತ್ತದೆಯೇ? ಹೆಂಗಸರಿಗೆ ಕೆಲಸ ಸಿಗುತ್ತದೆಯೇ?

ಪ್ರಶ್ನೆ: ನಮ್ಮೂರಿನಲ್ಲಿ ಸೋಲಾರ್ ಕಂಪನಿಯವರು ಜಮೀನು ಲೀಸ್‌ಗೆ ಕೇಳುತ್ತಿದ್ದಾರೆ. ಪ್ಯಾನೆಲ್‌ನಿಂದ ವಿಷ ಇಳಿದು ನೆಲ, ಬೋರ್‌ವೆಲ್ ನೀರು ಎಲ್ಲ ಕೆಡುತ್ತದೆ ಎಂದು ಕೆಲವರು ಹೇಳುತ್ತಾರೆ. ಏನೂ ಆಗಲ್ಲ, ಕೂಲಿಗೆ ಹೋಗುವ ಹೆಂಗಸರಿಗೂ ಅಲ್ಲೇ ಕೆಲಸ ಸಿಗುತ್ತದೆ ಎಂದು ಇನ್ನು ಕೆಲವರು. ಯಾರನ್ನು ನಂಬುವುದು?

ಉತ್ತರ: ಅರ್ಧ ಅರ್ಧ ಇಬ್ಬರನ್ನೂ. ಪ್ಯಾನೆಲ್‌ನಿಂದ ನೆಲ ವಿಷವಾಗುವ ಸಾಧ್ಯತೆ ತೀರಾ ಕಡಿಮೆ. ಆದರೆ ಹೆಂಗಸರಿಗೆ ಕೆಲಸ ಸಿಗುತ್ತದೆ ಎಂಬ ಮಾತನ್ನು ಕರಾರು ಪತ್ರದಲ್ಲಿ ಕಾಣುವ ತನಕ ನಂಬಬೇಡಿ.

ಮೊದಲು ವಿಷದ ಮಾತು. ನಮ್ಮ ಕಡೆ ಹಾಕುವ ಪ್ಯಾನೆಲ್‌ಗಳಲ್ಲಿ ಹೆಚ್ಚಿನವು ಸಿಲಿಕಾನ್‌ನವು. ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಗಾಜು, ಸುತ್ತ ಅಲ್ಯೂಮಿನಿಯಂ ಚೌಕಟ್ಟು. ಒಳಗೆ ತೆಳ್ಳನೆಯ ಸಿಲಿಕಾನ್ ಬಿಲ್ಲೆಗಳು, ಅವನ್ನು ಹಿಡಿದಿಡುವ ಪ್ಲಾಸ್ಟಿಕ್ ಪದರ, ತಾಮ್ರದ ಪಟ್ಟಿ, ಚೂರು ಬೆಳ್ಳಿ. ಸೀಸ ಇರುವುದು ಬೆಸುಗೆಯಲ್ಲಿ, ಒಂದು ಪ್ಯಾನೆಲ್‌ಗೆ ಕೆಲವೇ ಗ್ರಾಂ. ಇದೆಲ್ಲ ಗಾಜಿನಡಿ ಗಟ್ಟಿಯಾಗಿ ಮುಚ್ಚಿಕೊಂಡಿರುವುದರಿಂದ ಮೇಲೆ ಮಳೆ ಸುರಿದರೆ ಕೆಳಗೆ ಬೀಳುವುದು ಮಳೆನೀರು ಮತ್ತು ದೂಳು, ಅಷ್ಟೇ. ಅಪಾಯ ಬೇರೆ ಕಡೆ ಇದೆ. ಬಿರುಗಾಳಿಗೋ ಆಲಿಕಲ್ಲಿಗೋ ಒಡೆದ ಪ್ಯಾನೆಲ್‌ಗಳನ್ನು ಬೇಲಿಯ ಮೂಲೆಯಲ್ಲಿ ರಾಶಿ ಹಾಕಿ ವರ್ಷಗಟ್ಟಲೆ ಮಳೆಗೆ ಬಿಟ್ಟರೆ, ಇಲ್ಲವೇ ಗುಜರಿಯವರು ಚೌಕಟ್ಟು ಕಿತ್ತುಕೊಂಡು ಉಳಿದದ್ದನ್ನು ಸುಟ್ಟರೆ ಸೀಸ ಮಣ್ಣಿಗೆ ಇಳಿಯಬಹುದು. ಕ್ಯಾಡ್ಮಿಯಂ ಟೆಲ್ಯೂರೈಡ್ ಎಂಬ ಇನ್ನೊಂದು ಬಗೆಯ ಪ್ಯಾನೆಲ್ ಇದೆ. ಅದು ಒಡೆದಾಗ ಇನ್ನೂ ಹುಷಾರಾಗಿರಬೇಕು. ಯಾವ ಬಗೆಯದನ್ನು ಹಾಕುತ್ತೀರಿ ಎಂದು ಕಂಪನಿಯವರನ್ನೇ ಕೇಳಿ, ಹೇಳದಿರಲು ಅವರಿಗೆ ಕಾರಣವೇನೂ ಇಲ್ಲ.

ಈ ಕಸಕ್ಕೂ ಕಾನೂನಿದೆ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದ್ದು, ಸೋಲಾರ್ ಪ್ಯಾನೆಲ್‌ಗಳೂ ಅದರ ವ್ಯಾಪ್ತಿಗೆ ಬಂದಿವೆ. ಹಾಳಾದ ಪ್ಯಾನೆಲ್‌ಗಳನ್ನು 2034–35ರವರೆಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೇಳಿದ ರೀತಿಯಲ್ಲಿ ಜೋಪಾನವಾಗಿ ಸಂಗ್ರಹಿಸಿಡುವುದು ತಯಾರಕರ ಹೊಣೆ. ಪ್ಯಾನೆಲ್ ಬಂದರೆ ಮಳೆ ಓಡಿಹೋಗುತ್ತದೆ, ಊರು ಬಿಸಿಯಾಗುತ್ತದೆ ಎಂದೂ ಕೆಲವರು ಹೇಳುವುದುಂಟು. ಮಳೆಯ ಮಾತಿಗೆ ಆಧಾರವಿಲ್ಲ. ಬಿಸಿಯ ವಿಚಾರ ಹಾಗಲ್ಲ. ಅಮೆರಿಕದ ಅರಿಝೋನಾದಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪ್ಯಾನೆಲ್ ಹಾಕಿದ ಜಾಗ ರಾತ್ರಿ ಹೊತ್ತು ಪಕ್ಕದ ಬಯಲಿಗಿಂತ 3–4 ಡಿಗ್ರಿ ಹೆಚ್ಚು ಬೆಚ್ಚಗಿದ್ದದ್ದು ಕಂಡುಬಂದಿತ್ತು. ಹಾಗಾಗಿ ಮನೆಗಳಿಂದ ಸಾಕಷ್ಟು ದೂರ ಬಿಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಇಷ್ಟಾದರೂ ‘ಪರಿಸರಕ್ಕೆ ತೊಂದರೆಯೇ ಇಲ್ಲ’ ಎಂದು ಯಾರಾದರೂ ಅಂದರೆ ಸ್ವಲ್ಪ ತಡೆದು ಕೇಳಿ. ಸೋಲಾರ್ ವಿದ್ಯುತ್ತನ್ನು ಮಾಲಿನ್ಯ ಮಂಡಳಿ 2016ರಲ್ಲಿ ‘ಬಿಳಿ’ ವರ್ಗಕ್ಕೆ ಸೇರಿಸಿತು, ಅಂದರೆ ಮಾಲಿನ್ಯ ಬಹುತೇಕ ಇಲ್ಲದ ಉದ್ಯಮ. ಮೊದಲೇ ಪರಿಸರ ಅನುಮತಿ ಪಡೆಯಬೇಕಾದ ಯೋಜನೆಗಳು ಯಾವುವು ಎಂದು ಹೇಳುವ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲೂ ಅದಿಲ್ಲ. ಕಲ್ಲಿದ್ದಲು ಸ್ಥಾವರಕ್ಕೆ ಹೋಲಿಸಿದರೆ ಇದು ಸರಿಯಾದದ್ದೇ. ಆದರೆ ಇದರ ಫಲವಾಗಿ ಸಾವಿರಾರು ಎಕರೆಯ ಯೋಜನೆಗೂ ಕಾನೂನು ಪ್ರಕಾರ ಸಾರ್ವಜನಿಕ ಅಹವಾಲು ಸಭೆ ಬೇಕಿಲ್ಲ. ಆ ನೆಲವನ್ನು ನಂಬಿ ಯಾರು ಯಾರು ಬದುಕುತ್ತಿದ್ದಾರೆ ಎಂದು ಕೇಳುವ ಜಾಗವೇ ಇಲ್ಲವಾಯಿತು.

ಪಾವಗಡವನ್ನೇ ನೋಡಿ. ತುಮಕೂರು ಜಿಲ್ಲೆಯ ಈ ಬರಗಾಲದ ತಾಲ್ಲೂಕಿನಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಸುತ್ತಿನ ಸುಮಾರು 13,000 ಎಕರೆಯಲ್ಲಿ ‘ಶಕ್ತಿಸ್ಥಳ’ ಸೋಲಾರ್ ಪಾರ್ಕ್ ಇದೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು. ಅಲ್ಲಿ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನೆಚ್ಚಿಕೊಂಡು ಶೇಂಗಾ ಬಿತ್ತಿ ಕೈ ಸುಟ್ಟುಕೊಂಡಿದ್ದ ರೈತನಿಗೆ ಇದು ಒಳ್ಳೆಯ ದುಡ್ಡೇ. ಭೂಮಿಯ ಒಡೆತನ ಉಳಿಯಿತು, ಇದನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೂ ಲೆಕ್ಕ ಹಾಕಿಕೊಳ್ಳಿ: ಐದು ಏರಿಕೆ ಆದ ಮೇಲೆ, ಅಂದರೆ ಹತ್ತು ವರ್ಷಕ್ಕೆ, ಎಕರೆಗೆ ಬರುವುದು ಸುಮಾರು 26,800 ರೂಪಾಯಿ. ಹತ್ತು ವರ್ಷದಲ್ಲಿ ಅಕ್ಕಿ, ಬೇಳೆ, ಆಸ್ಪತ್ರೆ ಖರ್ಚು ಎಷ್ಟು ಏರುತ್ತದೆ ಎಂಬುದು ನಿಮಗೇ ಗೊತ್ತು.

ಆ ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ. 2015–16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ಶೇ 14ರಷ್ಟು. ಆದರೆ 2023–24ರ ಕಾರ್ಮಿಕ ಸಮೀಕ್ಷೆಯಲ್ಲಿ ಹಳ್ಳಿಯ ದುಡಿಯುವ ಹೆಂಗಸರಲ್ಲಿ ಶೇ 77ರಷ್ಟು ಮಂದಿ ಇದ್ದದ್ದು ಕೃಷಿಯಲ್ಲೇ, ಗಂಡಸರು ಅರ್ಧದಷ್ಟು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಹೊಲ ಹೋದರೆ ಕೆಲಸ ಹೋಗುವುದು ಹೆಚ್ಚಾಗಿ ಹೆಂಗಸರಿಗೆ, ಬದಲಿಗೆ ಬರುವ ಹಣ ಹೆಚ್ಚಾಗಿ ಗಂಡಸರ ಖಾತೆಗೆ.

ಶೇಂಗಾ ಹೊಲದಲ್ಲಿ ಯಾರು ಏನು ಮಾಡುತ್ತಾರೆ ನೆನಪಿಸಿಕೊಳ್ಳಿ. ಬಿತ್ತನೆಗೆ ಮುಂಚೆ ಕಾಯಿ ಒಡೆದು ಬೀಜ ಆರಿಸುವುದು, ಸಾಲಿಗೆ ಬೀಜ ಹಾಕುವುದು, ಕಳೆ ತೆಗೆಯುವುದು, ಗಿಡ ಕಿತ್ತ ಮೇಲೆ ಕೂತು ಕಾಯಿ ಬಿಡಿಸುವುದು, ಎಲ್ಲ ಹೆಂಗಸರ ಕೈಯಲ್ಲಿ. ಸಂಜೆ ಮನೆಗೆ ಬರುವಾಗ ಒಂದು ಹೊರೆ ಸೌದೆ, ಎಮ್ಮೆಗೊಂದಿಷ್ಟು ಹುಲ್ಲು. ಕಾಗದದಲ್ಲಿ ‘ಬಂಜರು’ ಎಂದಿರುವ ಗೋಮಾಳವೂ ಕುರಿ ಮೇಯುವ ಜಾಗವೇ ಆಗಿತ್ತು. ಬೇಲಿ ಬಿದ್ದ ದಿನ ಇದೆಲ್ಲ ಒಟ್ಟಿಗೆ ನಿಲ್ಲುತ್ತದೆ. ತುಂಡು ಭೂಮಿಯೂ ಇಲ್ಲದ ಮನೆಗೆ ಗುತ್ತಿಗೆ ಹಣವೂ ಇಲ್ಲ.

ಹಾಗಾದರೆ ಬೇಲಿಯೊಳಗಿನ ಕೆಲಸ? ಪ್ಯಾನೆಲ್ ಕೂರಿಸುವ ಒಂದೆರಡು ವರ್ಷ ಜನ ಬೇಕು. ಆಮೇಲೆ ಬೇಕಾಗುವುದು ಕಾವಲು, ಹುಲ್ಲು ಕತ್ತರಿಸುವುದು, ಪ್ಯಾನೆಲ್ ತೊಳೆಯುವುದು, ಒಂದಿಷ್ಟು ಟೆಕ್ನೀಷಿಯನ್‌ಗಳು. ಹೆಂಗಸರ ಪಾಲಿಗೆ ಬರುವುದು ಸಾಮಾನ್ಯವಾಗಿ ಹುಲ್ಲು ಮತ್ತು ಒರೆಸುವ ಬಟ್ಟೆ, ಅದೂ ಗುತ್ತಿಗೆದಾರನ ಕೈಕೆಳಗೆ, ಕರೆದ ದಿನ ಮಾತ್ರ. ಇದು ನಮ್ಮೂರಿನ ಕಥೆ ಮಾತ್ರವಲ್ಲ. ಅಂತರರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಸಂಸ್ಥೆಯ 2019ರ ವರದಿಯಲ್ಲಿ ಈ ಕ್ಷೇತ್ರದ ಉದ್ಯೋಗಿಗಳಲ್ಲಿ ಹೆಂಗಸರು ಜಗತ್ತಿನ ಸರಾಸರಿ ಶೇ 32. ಅದೇ ವರ್ಷ ಭಾರತದ ಚಾವಣಿ ಸೋಲಾರ್ ಉದ್ಯಮದ ಬಗ್ಗೆ ಬಂದ ಅಧ್ಯಯನದಲ್ಲಿ ಶೇ 11. ಅದರಲ್ಲೂ ಹೆಚ್ಚಿನವರು ಕಚೇರಿ ಮತ್ತು ವಿನ್ಯಾಸದ ಕೆಲಸದಲ್ಲಿ. ಕಟ್ಟುವ ಹಂತದಲ್ಲಿ ಶೇ 3, ನಿರ್ವಹಣೆಯಲ್ಲಿ ಶೇ 1.

‘ಹೆಂಗಸರಿಗೆ ಕರೆಂಟಿನ ಕೆಲಸ ಆಗಲ್ಲ’ ಎನ್ನುವವರು ಎಲ್ಲ ಊರಲ್ಲೂ ಸಿಗುತ್ತಾರೆ. ನಮ್ಮಲ್ಲಿ ಪವರ್‌ಮ್ಯಾನ್ ಹುದ್ದೆಗೆ ಕಂಬ ಹತ್ತಿ ತೋರಿಸಬೇಕು ಎಂಬುದು ನಿಜ. ಪಕ್ಕದ ತೆಲಂಗಾಣದಲ್ಲಿ ಹೆಣ್ಣುಮಕ್ಕಳು ಹೈಕೋರ್ಟಿಗೆ ಹೋಗಿ ಆ ಅವಕಾಶ ಪಡೆದು, ಕಂಬವನ್ನೂ ಹತ್ತಿ ತೋರಿಸಿ, 2022ರಲ್ಲಿ ಲೈನ್‌ವುಮನ್ ಆದದ್ದು ಅಷ್ಟೇ ನಿಜ. ಸೋಲಾರ್ ಪಾರ್ಕಿನ ಹೆಚ್ಚಿನ ನಿರ್ವಹಣೆಗೆ ಕಂಬವೂ ಬೇಕಿಲ್ಲ, ಪ್ಯಾನೆಲ್ ಇರುವುದು ಸೊಂಟದಿಂದ ತಲೆಯ ಎತ್ತರದಲ್ಲಿ. ರಾಜಸ್ಥಾನದ ತಿಲೋನಿಯಾದಲ್ಲಿರುವ ಬೇರ್‌ಫುಟ್ ಕಾಲೇಜು ಓದು ಬರಹ ಬಾರದ ಅಜ್ಜಿಯಂದಿರಿಗೂ ಸೋಲಾರ್ ದೀಪ ಜೋಡಿಸಿ ರಿಪೇರಿ ಮಾಡುವುದನ್ನು ಕಲಿಸಿ ಕಳಿಸುತ್ತದೆ. ನಮ್ಮಲ್ಲಿ ಅಡ್ಡಿ ಇರುವುದು ಐಟಿಐ ಎಲೆಕ್ಟ್ರಿಷಿಯನ್ ಸರ್ಟಿಫಿಕೇಟಿನಲ್ಲಿ. ಆ ತರಗತಿಯಲ್ಲಿ ಹುಡುಗಿಯರು ಎಷ್ಟು ಜನ ಎಂದು ನಿಮ್ಮ ತಾಲ್ಲೂಕಿನ ಐಟಿಐಗೆ ಒಮ್ಮೆ ಹೋಗಿ ನೋಡಿ ಬನ್ನಿ.

ಪರಿಸರ ಮತ್ತು ಹೆಂಗಸರ ಕೆಲಸ ನೇರವಾಗಿ ಸಂಧಿಸುವ ಜಾಗವೊಂದಿದೆ: ಪ್ಯಾನೆಲ್‌ನ ಬುಡದ ಹುಲ್ಲು. ತೊಳೆದ ನೀರು ಬಿದ್ದು ಅಲ್ಲಿ ಕಳೆ ಚೆನ್ನಾಗಿಯೇ ಬೆಳೆಯುತ್ತದೆ, ಎತ್ತರವಾದರೆ ನೆರಳು ಬಿದ್ದು ಕರೆಂಟು ಕಡಿಮೆಯಾಗುತ್ತದೆ. ಇದಕ್ಕೆ ಮೂರು ದಾರಿ: ಕುಡುಗೋಲು, ಕುರಿ, ಕಳೆನಾಶಕ. ಮೂರನೆಯದಕ್ಕೆ ಆಳು ಕಡಿಮೆ ಸಾಕು. ಆದರೆ ನೀವು ಹೆದರುವ ವಿಷ ನಿಜಕ್ಕೂ ನೆಲಕ್ಕೆ ಬೀಳುವುದಿದ್ದರೆ ಹೆಚ್ಚಾಗಿ ಈ ದಾರಿಯಲ್ಲೇ. ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆಯಲು ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಅವಕಾಶ ಎಂದು ಕೇಂದ್ರ 2022ರಲ್ಲೇ ಆದೇಶ ಹೊರಡಿಸಿದೆ. ‘ಕಳೆನಾಶಕ ಬಳಸುವುದಿಲ್ಲ, ಹುಲ್ಲು ಕೈಯಿಂದಲೇ ತೆಗೆಸುತ್ತೇವೆ, ಕುರಿ ಬಿಡುತ್ತೇವೆ’ ಎಂಬ ಒಂದು ಸಾಲು ಕರಾರಿಗೆ ಸೇರಿದರೆ ಮಣ್ಣೂ ಉಳಿಯುತ್ತದೆ, ಕೂಲಿಯೂ ಉಳಿಯುತ್ತದೆ.

ನೀರಿನ ಬಗ್ಗೆಯೂ ಬರೆಸಿಕೊಳ್ಳಿ. ಒಂದು ಮೆಗಾವಾಟ್‌ಗೆ ಸುಮಾರು 3,000 ಪ್ಯಾನೆಲ್ ಎಂದುಕೊಂಡು, ಒಂದಕ್ಕೆ ಎರಡೇ ಲೀಟರ್ ಹಿಡಿದರೂ ಒಂದು ಸಲ ತೊಳೆಯಲು 6,000 ಲೀಟರ್ ಬೇಕು. ಗಡಸು ನೀರು ಗಾಜಿನ ಮೇಲೆ ಬಿಳಿ ಪೊರೆ ಕಟ್ಟುತ್ತದಾದ್ದರಿಂದ ಆರ್‌ಒ ಮಾಡಿ ಬಳಸುವುದುಂಟು. ಆಗ ಉಪ್ಪು, ಫ್ಲೋರೈಡ್ ಗಟ್ಟಿಯಾದ ನೀರು ಹಿಂದೆ ಉಳಿಯುತ್ತದೆ. ಅದನ್ನು ಎಲ್ಲಿ ಬಿಡುತ್ತಾರೆ? ನೀರಿಲ್ಲದೆ ಬ್ರಷ್‌ನಿಂದ ಒರೆಸುವ ರೋಬೋಗಳು ಬಂದಿವೆ. ಬೋರ್‌ವೆಲ್ ಬತ್ತುವ ಊರಿಗೆ ಅವು ವಾಸಿ, ಆದರೆ ತೊಳೆಯುವ ಕೂಲಿ ಅಲ್ಲಿಗೆ ಮುಗಿಯಿತು. ಈ ಒಂದು ವಿಷಯದಲ್ಲಿ ನಾನು ನೀರಿನ ಪರ. ಹೋದ ಕೂಲಿಗೆ ಬದಲಾಗಿ ಊರಿನ ಹೆಣ್ಣುಮಕ್ಕಳಿಗೆ ಟೆಕ್ನೀಷಿಯನ್ ತರಬೇತಿ ಕೊಡಿಸಿ, ಇಷ್ಟು ಹುದ್ದೆ ಎಂದು ಬರೆದುಕೊಡಿ ಎಂದು ಕೇಳುತ್ತೇನೆ.

ಕೂಲಿಯಲ್ಲಿ ಗಂಡಾಳಿಗೊಂದು, ಹೆಣ್ಣಾಳಿಗೊಂದು ರೇಟು ಹೊಲದಲ್ಲಿ ನಡೆದುಕೊಂಡು ಬಂದಿದೆ. ಅದೇ ರೂಢಿ ಸದ್ದಿಲ್ಲದೆ ಪಾರ್ಕಿನೊಳಗೂ ಹೋಗುತ್ತದೆ. ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂಬುದು 1976ರಿಂದಲೇ ಕಾನೂನು, ಈಗ ವೇತನ ಸಂಹಿತೆಯಲ್ಲೂ ಇದೆ. ಹಾಜರಿ ಪುಸ್ತಕವೇ ಇಲ್ಲದ ಕಡೆ ಕಾನೂನು ಹಿಡಿದು ದೂರು ಕೊಡುವುದು ಕಷ್ಟ. ಹಾಗಾಗಿ ಹುಲ್ಲು, ಸ್ವಚ್ಛತೆಯ ಗುತ್ತಿಗೆಯನ್ನು ಮಧ್ಯವರ್ತಿಗೆ ಕೊಡದೆ ಊರಿನ ಸ್ವಸಹಾಯ ಸಂಘಕ್ಕೇ ಕೊಡಿ, ಹಣ ನೇರ ಖಾತೆಗೆ ಹಾಕಿ ಎಂದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಜಮೀನಿಗೆ ಸಹಿ ಬೀಳುವ ಮೊದಲೇ ಇದು ಆಗಬೇಕು, ಆಮೇಲೆ ಕಂಪನಿಗೆ ನಿಮ್ಮ ಮಾತು ಕೇಳಬೇಕಾದ ಗರಜು ಇರುವುದಿಲ್ಲ.