ಬಣ್ಣವನ್ನು ಕೊನೆಗೆ ನೋಡಿ: ಖನಿಜ ಮತ್ತು ಶಿಲೆಗಳನ್ನು ಗುರುತಿಸುವ ಕ್ರಮ

ಖನಿಜದ ತುಂಡೊಂದು ಕೈಗೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಅದರ ಬಣ್ಣ. ಆದರೆ ಗುರುತಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಕಡಿಮೆ ನಂಬಬೇಕಾದ ಗುಣವೂ ಅದೇ. ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, ಬಿಳಿಯಾಗಿಯೂ ಗುಲಾಬಿಯಾಗಿಯೂ ನೇರಳೆಯಾಗಿಯೂ ಹೊಗೆಯ ಬಣ್ಣದಲ್ಲಿಯೂ ಸಿಗುತ್ತದೆ, ಏಕೆಂದರೆ ಅತ್ಯಲ್ಪ ಪ್ರಮಾಣದ ಕಲ್ಮಶವೂ ಅದರ ಬಣ್ಣವನ್ನು ಬದಲಿಸಬಲ್ಲದು. ಆದರೆ 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ ಅದರ ಗಡಸುತನ ಎಲ್ಲಿ ಸಿಕ್ಕರೂ 7, ಸಾಪೇಕ್ಷ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, ಎಲ್ಲಿ ಸಿಕ್ಕರೂ 2.65ರ ಆಸುಪಾಸು. ಖನಿಜಕ್ಕೆ ನಿರ್ದಿಷ್ಟ ರಾಸಾಯನಿಕ ಸಂಯೋಜನೆಯೂ ಪರಮಾಣುಗಳ ಕ್ರಮಬದ್ಧ ಜೋಡಣೆಯೂ ಇರುವುದರಿಂದ, ಆ ಜೋಡಣೆಯಿಂದಲೇ ಹುಟ್ಟುವ ಗಡಸುತನ, ಸೀಳು (ನಿರ್ದಿಷ್ಟ ದಿಕ್ಕುಗಳಲ್ಲಿ ಚಪ್ಪಟೆಯಾಗಿ ಒಡೆಯುವ ಗುಣ), ಸಾಂದ್ರತೆಗಳು ಊರು ಬದಲಾದರೂ ಹೆಚ್ಚು ಬದಲಾಗುವುದಿಲ್ಲ.

ಶಿಲೆಯ ವಿಷಯ ಹಾಗಲ್ಲ. ಅದು ಖನಿಜಗಳ ಕೂಟವಾದ್ದರಿಂದ 'ಗ್ರಾನೈಟಿನ ಗಡಸುತನ ಎಷ್ಟು?' ಎಂಬ ಪ್ರಶ್ನೆಗೆ ಮೋಸ್ ಮಾಪಕದಲ್ಲಿ ಒಂದೇ ಅಂಕಿಯ ಉತ್ತರವಿಲ್ಲ. ಅದರಲ್ಲಿರುವ ಬೆಣಚು 7, ಫೆಲ್ಡ್‌ಸ್ಪಾರ್ 6, ಕಪ್ಪು ಅಭ್ರಕ 2.5ರಿಂದ 3. ಶಿಲೆಯನ್ನು ಗುರುತಿಸುವುದೆಂದರೆ ಅದರೊಳಗಿನ ಖನಿಜಗಳನ್ನು ಒಂದೊಂದಾಗಿ ಗುರುತಿಸಿ, ಅವು ಪರಸ್ಪರ ಹೇಗೆ ಹೆಣೆದುಕೊಂಡಿವೆ ಎಂಬುದನ್ನು ನೋಡುವುದು. ಪ್ರಾಯೋಗಿಕ ಪರೀಕ್ಷೆಗೆ ಓದುವವರು ಶಿಲೆಗಳ ಹೆಸರನ್ನು ಉರು ಹೊಡೆಯುವ ಬದಲು ಹತ್ತು ಹನ್ನೆರಡು ಖನಿಜಗಳ ಪರಿಚಯವನ್ನು ಗಟ್ಟಿ ಮಾಡಿಕೊಳ್ಳುವುದು ಮೇಲು ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಬೆಂಗಳೂರಿನಲ್ಲಿರುವವರಿಗೆ ಇದಕ್ಕೆ ಬೇಕಾದ ಮಾದರಿ ಬೀದಿಯಲ್ಲೇ ಇದೆ. ಮನೆ ಕಟ್ಟುವ ಜಾಗದಲ್ಲಿ ಸುರಿದಿರುವ ಜಲ್ಲಿ ಬಹುಪಾಲು ಸುತ್ತಲಿನ ಕ್ವಾರಿಗಳ ನೈಸ್ (ಖನಿಜಗಳು ಪಟ್ಟಿಪಟ್ಟಿಯಾಗಿರುವ ಶಿಲೆ) ಅಥವಾ ಗ್ರಾನೈಟ್ ಶಿಲೆಯದು. ಅದು ಯಂತ್ರದಲ್ಲಿ ಒಡೆದದ್ದಾದ್ದರಿಂದ ಹೊಸ ಮುಖಗಳು ತೆರೆದುಕೊಂಡಿರುತ್ತವೆ. ಬಹುಕಾಲ ಮಳೆ ಬಿಸಿಲಿಗೆ ಒಡ್ಡಿದ ಬಂಡೆಯ ಮೇಲ್ಮೈಯಲ್ಲಿ ಫೆಲ್ಡ್‌ಸ್ಪಾರ್ ಮಂಕಾಗಿ ಸುಣ್ಣದ ಪುಡಿಯಂತಾಗಿರುತ್ತದೆ, ಕಪ್ಪು ಖನಿಜಗಳ ಸುತ್ತ ತುಕ್ಕಿನ ಬಣ್ಣ ಹರಡಿರುತ್ತದೆ. ಆದ್ದರಿಂದ ಹೊಸದಾಗಿ ಒಡೆದ ಮುಖವಿಲ್ಲದೆ ಯಾವ ತೀರ್ಮಾನಕ್ಕೂ ಬರಬಾರದು. ಒಂದು ಜಲ್ಲಿಕಲ್ಲನ್ನು ತೊಳೆದು ಒಣಗಿಸಿ, ಬಿಸಿಲಿನಲ್ಲಿ ನಿಂತು, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಕಲ್ಲನ್ನು ಲೆನ್ಸಿನ ಬಳಿಗೆ ತಂದು ನಿಧಾನವಾಗಿ ತಿರುಗಿಸಬೇಕು. ಕೆಲವು ಹರಳುಗಳು ಒಂದು ಕೋನಕ್ಕೆ ಬಂದಾಗ ಇಡಿಯಾಗಿ ಫಳಕ್ಕನೆ ಹೊಳೆದು, ಸ್ವಲ್ಪ ತಿರುಗಿಸಿದೊಡನೆ ಒಟ್ಟಿಗೇ ಮಂಕಾಗುತ್ತವೆ. ಅವು ಚಪ್ಪಟೆ ಮುಖಗಳಲ್ಲಿ ಸೀಳುವ ಫೆಲ್ಡ್‌ಸ್ಪಾರ್. ಅವುಗಳ ನಡುವಿನ ಸಂದುಗಳನ್ನು ತುಂಬಿಕೊಂಡು, ಬೂದುಬಣ್ಣದಲ್ಲಿ, ಎಣ್ಣೆ ಸವರಿದ ಗಾಜಿನಂತೆ ಕಾಣುವ, ಎಷ್ಟು ತಿರುಗಿಸಿದರೂ ಸಮತಟ್ಟಾದ ಹೊಳಪು ಕೊಡದ ಭಾಗ ಬೆಣಚು. ಅದಕ್ಕೆ ಸೀಳಿಲ್ಲ, ಅದು ಶಂಖದ ಒಳಮೈಯಂಥ ಬಾಗಿದ ಮುಖಗಳಲ್ಲಿ ಒಡೆಯುತ್ತದೆ. ಕಪ್ಪು ಚುಕ್ಕೆಗಳನ್ನು ಗುಂಡುಸೂಜಿಯ ಮೊನೆಯಿಂದ ಮೀಟಿದಾಗ ತೆಳು ಪದರವಾಗಿ ಎದ್ದರೆ ಅದು ಬಯೊಟೈಟ್ ಎಂಬ ಕಪ್ಪು ಅಭ್ರಕ. ಪದರ ಏಳದೆ, ಉದ್ದನೆಯ ಹರಳಾಗಿ ಗಟ್ಟಿಯಾಗಿ ಕೂತಿದ್ದರೆ ಹೆಚ್ಚಿನ ಪಾಲು ಅದು ಹಾರ್ನ್‌ಬ್ಲೆಂಡ್. ಈ ನಾಲ್ಕು ಖನಿಜಗಳನ್ನು ಬೇರ್ಪಡಿಸಿ ನೋಡುವ ಅಭ್ಯಾಸವಾದರೆ ಬೆಂಗಳೂರಿನ ಸುತ್ತಲಿನ ಬಂಡೆಗಳಲ್ಲಿ ಬಹುಪಾಲನ್ನು ಓದಬಹುದು.

ಗಡಸುತನದ ಮಾಪಕವನ್ನು ಫ್ರೀಡ್ರಿಕ್ ಮೋಸ್ 1812ರಲ್ಲಿ ರೂಪಿಸಿದರು. 1ರಲ್ಲಿ ಟಾಲ್ಕ್, 3ರಲ್ಲಿ ಕ್ಯಾಲ್ಸೈಟ್, 7ರಲ್ಲಿ ಬೆಣಚು, 9ರಲ್ಲಿ ಕುರುಂದ, 10ರಲ್ಲಿ ವಜ್ರ ಬರುವ ಈ ಪಟ್ಟಿ ಯಾವುದು ಯಾವುದನ್ನು ಗೀರುತ್ತದೆ ಎಂಬ ಕ್ರಮವನ್ನಷ್ಟೇ ಹೇಳುತ್ತದೆ. ಅಂಕಿಗಳ ನಡುವಿನ ಅಂತರ ಸಮವಲ್ಲ. ಉಗುರಿಗೆ ಸುಮಾರು 2.5, ತಾಮ್ರಕ್ಕೆ ಸುಮಾರು 3, ಚಾಕುವಿನ ಅಲಗಿಗೂ ಕಿಟಕಿ ಗಾಜಿಗೂ ಸುಮಾರು 5.5 ಎಂದಿಟ್ಟುಕೊಳ್ಳಬಹುದು. ಹಲವು ಪಠ್ಯಗಳಲ್ಲಿ ಬರುವ 'ತಾಮ್ರದ ನಾಣ್ಯ' ನಮ್ಮ ಜೇಬಿನ ನಾಣ್ಯವಲ್ಲ. ಇಂದಿನ ನಾಣ್ಯಗಳು ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲಿನವಾದ್ದರಿಂದ ದಪ್ಪ ತಾಮ್ರದ ತಂತಿಯ ತುಂಡನ್ನು ಇಟ್ಟುಕೊಳ್ಳುವುದು ಸರಿ. ಗೀರಿದ ಮೇಲೆ ಕಾಣುವ ಗೆರೆಯನ್ನು ಒದ್ದೆ ಬೆರಳಿನಿಂದ ಒರೆಸಿ ನೋಡಲೇಬೇಕು. ಮೆದುವಾದ ವಸ್ತು ಗಡಸಾದದ್ದರ ಮೇಲೆ ತನ್ನದೇ ಪುಡಿಯನ್ನು ಬಿಟ್ಟು ಹೋಗುತ್ತದೆ. ಒರೆಸಿದಾಗ ಅಳಿಸಿಹೋದರೆ ಅದು ಗೀರಲ್ಲ. ಕಯನೈಟ್ ಎಂಬ ನೀಲಿ ಖನಿಜದಲ್ಲಂತೂ ಹರಳಿನ ಉದ್ದಕ್ಕೆ ಗೀರಿದರೆ 5ರ ಆಸುಪಾಸು, ಅಡ್ಡಕ್ಕೆ ಗೀರಿದರೆ 7ರ ಹತ್ತಿರ ಬರುತ್ತದೆ. ಒಂದೇ ಹರಳಿನಲ್ಲಿ ಚಾಕು ಒಂದು ದಿಕ್ಕಿಗೆ ಗೆದ್ದು ಇನ್ನೊಂದು ದಿಕ್ಕಿಗೆ ಸೋಲುವುದನ್ನು ಪ್ರಯೋಗಾಲಯದಲ್ಲಿ ಅವಕಾಶ ಸಿಕ್ಕಾಗ ಖಂಡಿತ ನೋಡಿ.

ಸೀಳಿನಲ್ಲಿ ಎಣಿಸಬೇಕಾದದ್ದು ಎಷ್ಟು ದಿಕ್ಕು, ಅವುಗಳ ನಡುವೆ ಎಷ್ಟು ಕೋನ ಎಂಬೆರಡನ್ನೇ. ಅಭ್ರಕಕ್ಕೆ ಒಂದು ದಿಕ್ಕು. ಫೆಲ್ಡ್‌ಸ್ಪಾರಿಗೆ ಸುಮಾರು 90 ಡಿಗ್ರಿಯಲ್ಲಿ ಎರಡು. ಕ್ಯಾಲ್ಸೈಟಿಗೆ ಓರೆಯಾಗಿ ಮೂರು. ಪೈರಾಕ್ಸೀನ್ ಮತ್ತು ಹಾರ್ನ್‌ಬ್ಲೆಂಡ್ ಎರಡೂ ಕಪ್ಪಾಗಿ, ಹತ್ತಿರ ಹತ್ತಿರದ ಗಡಸುತನದಲ್ಲಿ ಇರುವುದರಿಂದ ಅವುಗಳನ್ನು ಬೇರ್ಪಡಿಸಲು ಕೋನವೇ ದಾರಿ: ಮೊದಲನೆಯದರಲ್ಲಿ ಹೆಚ್ಚುಕಡಿಮೆ ಲಂಬಕೋನ, ಎರಡನೆಯದರಲ್ಲಿ 56 ಮತ್ತು 124 ಡಿಗ್ರಿ.

ಲೋಹದ ಹೊಳಪಿರುವ ಖನಿಜಗಳಿಗೆ ಒರೆಯಷ್ಟು ನಂಬಿಕೆಯ ಪರೀಕ್ಷೆ ಇನ್ನೊಂದಿಲ್ಲ. ಖನಿಜವನ್ನು ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದಾಗ ಬೀಳುವ ಪುಡಿಯ ಬಣ್ಣವನ್ನು ಇಲ್ಲಿ ನೋಡುತ್ತೇವೆ. ಬಿಳಿ ಟೈಲ್ಸಿನ ಮೆರುಗಿಲ್ಲದ ಹಿಂಬದಿಯೂ ಆಗುತ್ತದೆ. ಸಂಡೂರಿನ ಹೆಮಟೈಟ್ ಅದಿರು ಕೆಲವೊಮ್ಮೆ ಕೆಂಪು ಮಣ್ಣಿನಂತೆಯೂ ಕೆಲವೊಮ್ಮೆ ಉಕ್ಕಿನ ಬೂದುಬಣ್ಣದ ಹೊಳಪಿನಲ್ಲಿಯೂ ಇರುತ್ತದೆ, ಆದರೆ ಒರೆ ಎರಡರಲ್ಲಿಯೂ ಕೆಂಗಂದು. ಕುದುರೆಮುಖದಲ್ಲಿ ತೆಗೆಯುತ್ತಿದ್ದ ಮ್ಯಾಗ್ನೆಟೈಟಿನ ಒರೆ ಕಪ್ಪು, ಜೊತೆಗೆ ಅದು ಅಯಸ್ಕಾಂತಕ್ಕೆ ಬಲವಾಗಿ ಅಂಟಿಕೊಳ್ಳುತ್ತದೆ. ಚಿನ್ನದಂತೆ ಕಾಣುವ ಪೈರೈಟಿನ ಒರೆ ಹಸಿರುಮಿಶ್ರಿತ ಕಪ್ಪು. ಅದು ಸುತ್ತಿಗೆಯ ಪೆಟ್ಟಿಗೆ ಪುಡಿಯಾಗುತ್ತದೆ. ಕೋಲಾರದ ಬೆಣಚಿನ ಎಳೆಗಳಲ್ಲಿ ದೊರೆಯುತ್ತಿದ್ದ ಚಿನ್ನವಾದರೋ ಹಳದಿ ಒರೆಯನ್ನೇ ಬಿಡುತ್ತದೆ, ಬಡಿದರೆ ತಗಡಾಗುತ್ತದೆ. ಬೆಣಚಿನಂಥ ಗಡಸು ಖನಿಜಗಳು ಬಿಲ್ಲೆಯನ್ನೇ ಗೀರುವುದರಿಂದ ಅವುಗಳಿಗೆ ಈ ಪರೀಕ್ಷೆ ಉಪಯೋಗವಿಲ್ಲ.

ಸಾಪೇಕ್ಷ ಸಾಂದ್ರತೆಯನ್ನು ಅಂಗೈಯ ಅಂದಾಜಿಗೆ ಬಿಡಬೇಕಾಗಿಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮೊದಲು ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ನಂತರ ನೀರು ತುಂಬಿದ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತಂದು, ದಾರದಲ್ಲಿ ಕಟ್ಟಿದ ಕಲ್ಲನ್ನು ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ. ಆಗ ತೋರುವುದು ಕಲ್ಲು ಸರಿಸಿದ ನೀರಿನ ತೂಕ. ಒಣ ತೂಕ 53 ಗ್ರಾಂ, ಮುಳುಗಿಸಿದಾಗಿನ ಅಂಕಿ 20 ಗ್ರಾಂ ಎಂದಾದರೆ ಭಾಗಿಸಿದಾಗ 2.65 ಬರುತ್ತದೆ. ಹೆಮಟೈಟ್ ಮತ್ತು ಮ್ಯಾಗ್ನೆಟೈಟ್ 5ನ್ನು ದಾಟುತ್ತವೆ, ಸೀಸದ ಅದಿರಾದ ಗ್ಯಾಲೀನ 7.5ರ ಹತ್ತಿರ ನಿಲ್ಲುತ್ತದೆ.

ಮನೆಗಳ ನೆಲ ಮತ್ತು ಅಡುಗೆಕಟ್ಟೆಗೆ ಬಳಸುವ ಕಲ್ಲುಗಳನ್ನು ಬೇರ್ಪಡಿಸಲು ಆಮ್ಲದ ಪರೀಕ್ಷೆ ಬೇಕಾಗುತ್ತದೆ. ಅಡುಗೆಮನೆಯ ಕಪಾಟಿಗೆ ಹಾಕುವ ಕಪ್ಪು ಕಡಪ ಕಲ್ಲು ಮತ್ತು ಕಟ್ಟೆಗೆ ಹಾಕುವ ಕರಿ ಗ್ರಾನೈಟ್ ದೂರದಿಂದ ಒಂದೇ ರೀತಿ ಕಂಡರೂ ಮೊದಲನೆಯದು ಸುಣ್ಣಕಲ್ಲು. ಅದರ ಮೇಲೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿದ್ದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಏಳುತ್ತದೆ, ಚಾಕು ಸುಲಭವಾಗಿ ಗೀರುತ್ತದೆ. ಕಲಬುರಗಿ ಸೀಮೆಯ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ. ಕ್ಯಾಲ್ಸೈಟಿನಿಂದಾದ ಅಮೃತಶಿಲೆಯೂ ಹೀಗೆಯೇ ನೊರೆಗಟ್ಟುತ್ತದೆ. ಕ್ಯಾಲ್ಸೈಟನ್ನು ಹೋಲುವ, ಮೆಗ್ನೀಸಿಯಮ್ ಸೇರಿದ ಡಾಲಮೈಟ್ ಎಂಬ ಖನಿಜ ಮಾತ್ರ ಪುಡಿ ಮಾಡಿದ ಮೇಲೆ ನಿಧಾನವಾಗಿ ಗುಳ್ಳೆ ಬಿಡುತ್ತದೆ. ಆಮ್ಲವನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಮೇಷ್ಟರ ಎದುರಿಗೇ ಬಳಸಿ. ಮನೆಯಲ್ಲಾದರೆ ಕಲ್ಲಿನ ಪುಡಿಯ ಮೇಲೆ ನಿಂಬೆರಸ ಸಾಕು. ನಯ ಮಾಡಿದ ಮುಖದಲ್ಲಿ ಹೊಳಪು ಮತ್ತು ಸೀಳು ಎರಡೂ ಮರೆಯಾಗಿರುವುದರಿಂದ ಅಂಗಡಿಯಲ್ಲಿ ಚಪ್ಪಡಿಯ ಅಂಚನ್ನೂ ಹಿಂಬದಿಯನ್ನೂ ನೋಡುವುದು ಒಳ್ಳೆಯದು.

ಇನ್ನು ಶಿಲೆಯ ಹೆಣಿಗೆ. ಲಾಲ್‌ಬಾಗಿನ ಕೆಂಪೇಗೌಡ ಗೋಪುರವನ್ನು ಹೊತ್ತಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದಾದ ಪೆನಿನ್ಸುಲರ್ ನೈಸ್. ಈ ಹೆಸರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯೂ. ಎಫ್. ಸ್ಮೀತ್ ಅವರು 1916ರಲ್ಲಿ ಕೊಟ್ಟರು. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ್ದರಿಂದ ಅಲ್ಲಿ ಸುತ್ತಿಗೆಯಾಗಲಿ ಚಾಕುವಾಗಲಿ ಬೇಡ, ಕಣ್ಣು ಮತ್ತು ಲೆನ್ಸ್ ಸಾಕು. ಜಲ್ಲಿಯಲ್ಲಿ ಕಂಡ ಖನಿಜಗಳೇ ಅಲ್ಲಿಯೂ ಇವೆ. ಆದರೆ ಬೆಣಚು ಮತ್ತು ಫೆಲ್ಡ್‌ಸ್ಪಾರಿನ ಬಿಳಿ ಪಟ್ಟಿಗಳು, ಬಯೊಟೈಟ್ ಹೆಚ್ಚಿರುವ ಕಪ್ಪು ಪಟ್ಟಿಗಳು ಅಕ್ಕಪಕ್ಕದಲ್ಲಿ ಹರಿದು, ಕೆಲವೆಡೆ ಮಡಿಕೆಯಾಗಿ ಬಾಗಿವೆ. ರಾಮನಗರದ ಬೆಟ್ಟಗಳಲ್ಲಿ ಇದೇ ಖನಿಜಗಳು ಇನ್ನೊಂದು ರೀತಿಯಲ್ಲಿ ಕೂಡಿವೆ. ಆ ಊರಿನ ಹಳೆಯ ಹೆಸರನ್ನೇ ಹೊತ್ತ, ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟಿನಲ್ಲಿ ಹಲವೆಡೆ ಬೆರಳಗಲದಷ್ಟು ದೊಡ್ಡ ಗುಲಾಬಿ ಫೆಲ್ಡ್‌ಸ್ಪಾರ್ ಹರಳುಗಳು ಸಣ್ಣ ಹರಳುಗಳ ನಡುವೆ ಹುದುಗಿವೆ. ಪಟ್ಟಿಗಳಾಗಿ ಬೇರ್ಪಟ್ಟಿದ್ದರೆ ನೈಸ್, ಪಟ್ಟಿಯಿಲ್ಲದೆ ಹರಳುಗಳು ಒಂದರೊಳಗೊಂದು ಕಚ್ಚಿಕೊಂಡಿದ್ದರೆ ಗ್ರಾನೈಟ್ ಎಂಬುದು ಆರಂಭಕ್ಕೆ ಸಾಕಾಗುವ ಭೇದ.

ವ್ಯಾಪಾರದಲ್ಲಿ ಕರಿ ಗ್ರಾನೈಟ್ ಎನಿಸಿಕೊಳ್ಳುವ ಕಲ್ಲು ಮಾತ್ರ ಗ್ರಾನೈಟೇ ಅಲ್ಲ. ಅದು ಹೆಚ್ಚಾಗಿ ಡಾಲರೈಟ್, ಅಂದರೆ ನೈಸ್ ಬಂಡೆಯ ಬಿರುಕುಗಳಿಗೆ ನುಗ್ಗಿ ಗಟ್ಟಿಯಾದ ಶಿಲಾರಸ. ಅದರಲ್ಲಿ ಮುಖ್ಯವಾಗಿ ಇರುವುದು ಪ್ಲಾಜಿಯೊಕ್ಲೇಸ್ ಫೆಲ್ಡ್‌ಸ್ಪಾರ್ ಮತ್ತು ಪೈರಾಕ್ಸೀನ್. ಹರಳುಗಳು ಸಣ್ಣವಾದ್ದರಿಂದ ಬರಿಗಣ್ಣಿಗೆ ಬೇರೆಬೇರೆಯಾಗಿ ಕಾಣುವುದು ಕಷ್ಟ. ತಕ್ಕಡಿ ಇಲ್ಲಿ ನೆರವಿಗೆ ಬರುತ್ತದೆ: ಬೂದು ಗ್ರಾನೈಟ್ 2.65ರ ಹತ್ತಿರ ನಿಂತರೆ ಡಾಲರೈಟ್ 3ರ ಹತ್ತಿರ ಹೋಗುತ್ತದೆ, ಮತ್ತು ಆಮ್ಲದ ಹನಿಗೆ ನೊರೆ ಏಳದಿರುವುದರಿಂದ ಕಡಪ ಕಲ್ಲಿನಿಂದಲೂ ಅದು ಬೇರೆಯಾಗುತ್ತದೆ.